ಅಂಗಾರಕ ತೊರಪಲ್ಲಿಗೆ ಇಳಿದದ್ದು

ತೊರಪಲ್ಲಿ ಅಗ್ರಹಾರ
15-6-2003

ಅಮ್ಮಣ್ಣಿ ಸುಷ್ಮಾಗೆ,

ಇಲ್ಲಿ ನಾನು, ಎರಡು ಸೀಮೆಹಸು, ನಿಮ್ಮಮ್ಮನ ಸಿಟ್ಟು, ಎಲ್ಲ ಸೊಂಪಾಗಿದ್ದೇವೆ. ಮೈಸೂರಿನ ಹಾಸ್ಟೆಲ್ ಊಟಕ್ಕೆ ನೀನು ಕಡ್ಡಿಯಾಗಿರುತ್ತೀಯ ಅಂತ ನನ್ನ ಅಂದಾಜು.

ನೀನು ಕನ್ನಡಕ್ಕೆ ಇಳಿಸಿ ಕಳಿಸಿದ ಆ ನೂರು ವರ್ಷದ ಇಂಗ್ಲಿಷ್ ಕಾದಂಬರಿಯ ಕಥೆ ಕೈಸೇರಿತು. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನನ್ನು ಎಂ.ಫಿಲ್ ಓದುವವಳು ‘ಮಾವ, ಓದಿ ಹೇಗಿದೆ ಹೇಳು’ ಅಂತ ಕೇಳಿದ್ದಾಳೆ ಎಂದು ಟೀ ಅಂಗಡಿಯಲ್ಲಿ ಹೇಳಿದೆ. ಮಾರನೇ ದಿನವೂ ಹೇಳಿದೆ. ಟೀ ಅಂಗಡಿಯವನು ‘ಗೊತ್ತಾಯ್ತು ಬುಡಣ್ಣ’ ಅಂದ ಮೇಲೆ ಹೊಸೂರು ಬಸ್‌ಸ್ಟ್ಯಾಂಡಿಗೆ ಹೋಗಿ ಅಲ್ಲೂ ಹೇಳಿದೆ.

ಕಥೆ ಓದಿ ಎದೆ ಧಸಕ್ಕೆಂದಿತು ಕಣಮ್ಮ. ಮಂಗಳ ಗ್ರಹದಿಂದ ಉರುಳೆಗಳು ಬಂದು ಹೊಲದಲ್ಲಿ ಬೀಳುವುದು, ಒಳಗಿನಿಂದ ಮರದೆತ್ತರದ ಮೂರು ಕಾಲಿನ ಯಂತ್ರ ಏಳುವುದು, ಊರೂರೇ ಸುಡುವುದು! ಆ ರಾತ್ರಿ ಕೊಟ್ಟಿಗೆಯಲ್ಲಿ ಹಸು ಉಚ್ಚೆ ಹೊಯ್ದರೂ ಬೆಚ್ಚಿಬಿದ್ದೆ. ಆದರೆ ಕೊನೆ ಯಾಕೆ ಹೀಗೆ? ಫಿರಂಗಿಗೆ ಜಗ್ಗದ ಸೈನ್ಯ ಕಣ್ಣಿಗೆ ಕಾಣದ ಹುಳಕ್ಕೆ, ನೆಗಡಿ ಜ್ವರ ಬಂದವರ ಹಾಗೆ ಸತ್ತುಹೋಯಿತೇ? ನಮ್ಮ ಪೆಂಡಾಲಿನ ನಾಟಕವನ್ನು ಹೀಗೆ ಮುಗಿಸಿದರೆ ಜನ ನನ್ನ ಕಿರೀಟ ಕಿತ್ತುಕೊಂಡು ಹೋಗುತ್ತಾರೆ.

ನಿನ್ನ ಕವರು ಬಂದಾಗ ಅಕ್ಕ, ನಿಮ್ಮಮ್ಮ, ಅಂಗಳ ಸಾರಿಸುತ್ತಿದ್ದಳು. ‘ಯಾರ್ದ್ಲಾ ಅದು?’ ಅಂದಳು. ‘ಸುಷ್ಮಂದು’ ಅಂದೆ. ‘ಹೂಂ’ ಅಂದು, ಸಾರಿಸಿದ್ದ ಜಾಗವನ್ನೇ ಇನ್ನೊಂದು ಸಲ ಸಾರಿಸಿದಳು. ಅಷ್ಟೇ. ಇದನ್ನು ನಾನು ಬರೆದೆ ಎಂದು ಅವಳಿಗೆ ತಿಳಿಯಬಾರದು.

ಇಂತಿ,
ಸುತ್ತ ಏಳು ಹಳ್ಳಿಗೆ ಒಬ್ಬನೇ ರಾಜಪಾರ್ಟು,
ನಿನ್ನ ಮಾವ ಮುನಿಯಲ್ಲಪ್ಪ


ಮೈಸೂರು
6-7-2003

ಪ್ರೀತಿಯ ಮಾವ,

ನಿನ್ನ ಕಾಗದವನ್ನು ಹಾಸ್ಟೆಲ್ ಹುಡುಗಿಯರಿಗೆಲ್ಲ ಓದಿ ಹೇಳಿದೆ. ಹಸುವಿನ ಭಾಗವನ್ನು ಎರಡು ಸಲ ಓದಿಸಿದರು.

ಇನ್ನು ಆ ಕಥೆ. ನನ್ನ ಕೆಲಸ ಪುಸ್ತಕದ ಮೇಲಲ್ಲ, ಪುಸ್ತಕದಿಂದ ಆಚೆ ಬಂದು ಅದು ಏನೇನಾಯಿತು ಎಂಬುದರ ಮೇಲೆ. ಬರೆದವನು ಅವನ ಊರಿನ ಪಕ್ಕದ ಬಯಲಿಗೇ ಉರುಳೆಗಳನ್ನು ಬೀಳಿಸಿದ್ದ. ನಲವತ್ತು ವರ್ಷದ ಮೇಲೆ ಅಮೆರಿಕದವರು ಅದನ್ನು ರೇಡಿಯೊ ನಾಟಕ ಮಾಡಿದರು. ಹಾಡು ಬರುತ್ತಿರುತ್ತದೆ, ತಟ್ಟನೆ ನಿಲ್ಲಿಸಿ ವಾರ್ತೆ ಓದುವವನ ದನಿಯಲ್ಲಿ ‘ಈಗ ಬಂದ ಸುದ್ದಿ’ ಎನ್ನುತ್ತಾರೆ. ಬಿದ್ದ ಜಾಗ ಅಲ್ಲಿನದೇ ಒಂದು ಹಳ್ಳಿ. ಕೆಲವರು ನಿಜವೆಂದು ನಂಬಿ ಬೀದಿಗೆ ಬಂದರಂತೆ. ಎಷ್ಟು ಜನ ಎಂಬುದನ್ನು ಪತ್ರಿಕೆಗಳು ಉಬ್ಬಿಸಿದವು ಎಂದೂ ಹೇಳುತ್ತಾರೆ. ದಕ್ಷಿಣ ಅಮೆರಿಕದ ಒಂದು ಊರಿನಲ್ಲಿ ಹೀಗೇ ಮಾಡಿದಾಗ ಮಾತ್ರ, ಸುಳ್ಳು ಎಂದು ಗೊತ್ತಾದ ಮೇಲೆ ಜನ ಆ ರೇಡಿಯೊ ಕಟ್ಟಡಕ್ಕೇ ಬೆಂಕಿ ಇಟ್ಟರು. ಸತ್ತವರಿದ್ದಾರೆ ಮಾವ.

ಆಮೇಲೆ ಸಿನಿಮಾ ಬಂತು. ಮೂರು ಕಾಲಿನ ಯಂತ್ರ ಹೋಗಿ ಹಾರುವ ಯಂತ್ರವಾಯಿತು. ಹಾಡಿನ ತಟ್ಟೆ ಬಂತು, ಕಾಮಿಕ್ಸ್ ಬಂತು, ಕಂಪ್ಯೂಟರ್ ಆಟ ಬಂತು. ಯಾರು ಮುಟ್ಟಿದರೂ ತಮ್ಮ ಊರಿಗೆ, ತಮ್ಮ ಭಯಕ್ಕೆ ತಕ್ಕ ಹಾಗೆ ಇಳಿಸಿಕೊಂಡಿದ್ದಾರೆ. ನಮ್ಮ ಕಡೆಗೆ ಮಾತ್ರ ಇನ್ನೂ ಇಳಿದಿಲ್ಲ.

ಮಂಗಳನ ವಿಷಯವನ್ನೇ ಯಾಕೆ ಆರಿಸಿಕೊಂಡೆ ಎಂದು ನಮ್ಮ ಗೈಡ್ ಮೇಡಂ ಕೇಳಿದರು. ‘ಕನ್ನಡದಲ್ಲಿ ಯಾರೂ ಮುಟ್ಟಿಲ್ಲ, ಅದಕ್ಕೆ’ ಎಂದೆ. ಎರಡು ವರ್ಷದ ಹಿಂದೆ ಕೃಷ್ಣಗಿರಿಯ ಗಂಡಿನ ಕಡೆಯವರು ‘ಹುಡುಗಿಗೆ ಕುಜದೋಷ ಇದೆ, ಮೊದಲು ಬಾಳೆಗಿಡದ ಜೊತೆ ಮದುವೆ ಮಾಡಿ ಗಿಡ ಕಡಿಯಿರಿ, ಆಮೇಲೆ ನೋಡೋಣ’ ಎಂದದ್ದು ಅವರಿಗೇನು ಗೊತ್ತು? ನಾನು ಒಲ್ಲೆ ಎಂದೆ. ಅಮ್ಮ ‘ಒಲ್ಲೆ ಅಂದ್ರೆ ಈ ವಸ್ಲು ತುಳೀಬ್ಯಾಡ’ ಎಂದಳು. ಅಂದಿನಿಂದ ಹೊಸಿಲು ತುಳಿದಿಲ್ಲ. ಗಿಡದ ಮೇಲೆ ನನಗೆ ಸಿಟ್ಟಿರಲಿಲ್ಲ ಮಾವ. ಅಮ್ಮ ಆ ಗಿಡವನ್ನು ಆಗಲೇ ಹಿತ್ತಲಲ್ಲಿ ಗೊತ್ತುಮಾಡಿಟ್ಟಿದ್ದಳು, ನೊಂದದ್ದು ಅದಕ್ಕೆ.

ಸಾರಿಸಿದ ಜಾಗವನ್ನೇ ಸಾರಿಸಿದಳೇ, ನಿಜವಾಗಿಯೂ?

ನಿನ್ನ
ಸುಷ್ಮಾ


ತೊರಪಲ್ಲಿ ಅಗ್ರಹಾರ
3-8-2003

ಅಮ್ಮಣ್ಣಿ,

ಕೂತು ಓದು, ನಿಂತಿದ್ದರೆ ಬಿದ್ದುಬಿಡುತ್ತೀಯ. ನಿನ್ನ ಕಥೆ ಈ ಗಣೇಶನ ಹಬ್ಬಕ್ಕೆ ನಮ್ಮ ಪೆಂಡಾಲಿಗೆ ಇಳಿಯುತ್ತಿದೆ! ಕಮಿಟಿಯವರು ಒಪ್ಪಿದ್ದಾರೆ. ಒಪ್ಪದೆ ಏನು ಮಾಡುತ್ತಾರೆ, ಮೈಕಿನ ಬಾಡಿಗೆ ನಾನೇ ವಹಿಸಿಕೊಂಡಿದ್ದೇನೆ. ಗಣೇಶನನ್ನು ನೀರಿಗೆ ಬಿಡುವ ದಿನ, ಸೆಪ್ಟೆಂಬರ್ ಒಂಬತ್ತು, ಮಂಗಳವಾರ. ಅವತ್ತು ಚಂದ್ರನ ಪಕ್ಕದಲ್ಲೇ ಮಂಗಳ ಕೆಂಪಗೆ ಕಾಣುತ್ತಾನೆ ಎಂದು ಪೇಪರಿನಲ್ಲಿ ಬಂದಿದೆ. ಪರದೆ, ದೀಪ ಎಲ್ಲ ಆಕಾಶದ ಕಡೆಯಿಂದ ಪುಕ್ಕಟೆ!

‘ಬೇರೆ ಗ್ರಹದವರು’ ಎಂದರೆ ನಮ್ಮವರಿಗೆ ಏನು ತಿಳಿಯಬೇಕು? ನಾನು ತಲೆ ಓಡಿಸಿದೆ. ಮಂಗಳ ಎಂದರೆ ಅಂಗಾರಕ. ಅಂಗಾರಕ ಯಾರು? ಭೂದೇವಿಯ ಮಗ! ನಿನ್ನ ಇಂಗ್ಲಿಷಿನವನಿಗೆ ಇದು ಗೊತ್ತಿರಲಿಲ್ಲ ನೋಡು. ಅವನ ಕಥೆಯಲ್ಲಿ ಯಾರೋ ಪರದೇಶಿಗಳು ಬಂದು ಬಡಿಯುತ್ತಾರೆ. ನನ್ನ ನಾಟಕದಲ್ಲಿ ಬರುವವನು ಮಗ. ತಾಯಿಯ ಮೇಲೆ ಮುನಿಸಿಕೊಂಡು ದೂರ ಹೋಗಿದ್ದವನು ಸೈನ್ಯ ಕಟ್ಟಿಕೊಂಡು ಬರುತ್ತಾನೆ. ಕೊನೆಯಲ್ಲಿ ನೆಗಡಿ ಇಲ್ಲ, ಹುಳ ಇಲ್ಲ. ತಾಯಿ ಎದುರಿಗೆ ಬಂದು ‘ಉಂಡ್ಯೇನಪ್ಪ?’ ಅನ್ನುತ್ತಾಳೆ. ಅವನು ಯಂತ್ರದಿಂದ ಇಳಿಯುತ್ತಾನೆ. ಇದನ್ನು ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು ಎಂದು ನೀನು ತಿಳಿಯಬೇಡ. ತಿಳಿದರೆ ನಿನ್ನಿಷ್ಟ.

ಅಂಗಾರಕನ ಪಾರ್ಟು ನನ್ನದೇ. ಮೂರು ಕಾಲಿನ ಯಂತ್ರಕ್ಕೆ ನಮ್ಮಪ್ಪ ರಾಗಿ ತೂರುವಾಗ ಹತ್ತಿ ನಿಲ್ಲುತ್ತಿದ್ದ ಮುಕ್ಕಾಲಿ ಅಟ್ಟದಿಂದ ಇಳಿಸಿದ್ದೇನೆ. ಅದಕ್ಕೆ ಕೆಂಪು ಬಟ್ಟೆ ಸುತ್ತಿ, ತಲೆಗೆ ಅಲ್ಯೂಮಿನಿಯಂ ಪಾತ್ರೆ ಕವುಚಿಕೊಂಡು, ಗುಲಾಬಿ ತೋಟದ ಸ್ಪ್ರೇಯರಿನಿಂದ ಹೊಗೆಯ ಹಾಗೆ ನೀರು ಬಿಡುತ್ತೇನೆ. ಭೂದೇವಿಗೆ ಮರಿಸ್ವಾಮಿ. ಹೊಸೂರು ಫ್ಯಾಕ್ಟರಿಯ ಪಾಳಿ ಮುಗಿಸಿಕೊಂಡು ಪ್ರಾಕ್ಟೀಸಿಗೆ ಬರುತ್ತಾನೆ, ಆದರೆ ಮೀಸೆ ತೆಗೆಯಲು ಒಪ್ಪುತ್ತಿಲ್ಲ. ‘ಐಡಿ ಕಾರ್ಡಲ್ಲಿ ಮೀಸೆ ಐತೆ ಮುನಿಯಲ್ಲಣ್ಣ. ಬೋಳಿಸ್ಕಂಡ್ ಹೋದ್ರೆ ಸೆಕ್ಯೂರಿಟಿಯೋನು ಗೇಟಲ್ಲೇ ನಿಲ್ಸ್ತಾನೆ’ ಅನ್ನುತ್ತಾನೆ. ‘ಭೂದೇವಿಗೆ ಹುಲ್ಲು ಬೆಳೆದೈತೆ ಅಂದ್ಕೊತಾರೆ, ಸುಮ್ಕಿರ್ಲಾ’ ಅಂದೆ.

ಇನ್ನೊಂದು ಗುಟ್ಟು. ಆ ರೇಡಿಯೊದವರ ಹಾಗೆ ನಾನೂ ನಾಟಕವನ್ನು ಸುದ್ದಿಯಿಂದಲೇ ಶುರು ಮಾಡುತ್ತೇನೆ. ನೀರಿನ ಟ್ಯಾಂಕಿನ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಮೈಕಿನ ಹಾರ್ನು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಕೂಗುತ್ತೇನೆ. ಊರು ಎದ್ದು ಓಡಬೇಕು!

ಇಂತಿ,
ಇಂಗ್ಲಿಷಿನವನಿಗೆ ಪಾಠ ಹೇಳಿದ
ಮಾವ ಮುನಿಯಲ್ಲಪ್ಪ


ಮೈಸೂರು
19-8-2003

ಮಾವ,

ಭೂದೇವಿಯ ಮಗ! ನನಗೆ ಹೊಳೆದೇ ಇರಲಿಲ್ಲ. ಮೇಡಂ ಕುರ್ಚಿಯಿಂದ ಎದ್ದು ನಿಂತು ಕೇಳಿದರು. ಇದನ್ನು ನಾನು ಬರೆಯುತ್ತೇನೆ, ನಿನ್ನ ಹೆಸರು ಹಾಕಿಯೇ ಬರೆಯುತ್ತೇನೆ.

ಆದರೆ ಸುದ್ದಿಯ ಆಟ ಬೇಡ. ಸುಟ್ಟ ಆ ರೇಡಿಯೊ ಕಟ್ಟಡವನ್ನು ನೆನಪಿಟ್ಟುಕೊ. ವಯಸ್ಸಾದವರಿದ್ದಾರೆ, ಬಾಣಂತಿಯರಿದ್ದಾರೆ. ಮೊದಲೇ ‘ಇದು ನಾಟಕ’ ಎಂದು ಹೇಳಿಬಿಡು. ನನ್ನ ಮೇಲೆ ಆಣೆ.

ಅಮ್ಮ ನಾಟಕ ನೋಡಲು ಬರುತ್ತಾಳೆಯೇ? ಕೇಳಬೇಡ. ಸುಮ್ಮನೆ ಕೇಳಿದೆ.

ನಿನ್ನ
ಸುಷ್ಮಾ


ತೊರಪಲ್ಲಿ ಅಗ್ರಹಾರ
11-9-2003

ಅಮ್ಮಣ್ಣಿ,

ಪೆಟ್ಟು ಬಿದ್ದಿಲ್ಲ, ಪೊಲೀಸರು ಬಂದಿಲ್ಲ. ಆದರೂ ಎರಡು ದಿನದಿಂದ ನಾನು ಟೀ ಅಂಗಡಿಗೆ ಹೋಗಿಲ್ಲ. ಇದರಲ್ಲೇ ತಿಳಿದುಕೊ.

ನಿನ್ನ ಆಣೆಯನ್ನು ಅರ್ಧ ಉಳಿಸಿಕೊಂಡೆ. ಹಗಲಿಡೀ ‘ಸಂಜೆ ನಾಟಕವಿದೆ’ ಎಂದು ಕೂಗಿಸಿದ್ದೆ. ಹೊತ್ತು ಮುಳುಗಿದ ಮೇಲೆ ಮಾತ್ರ ಹಾಡು ನಿಲ್ಲಿಸಿ ಸುದ್ದಿ ಶುರು ಮಾಡಿದೆ. ‘ಈಗ ಬಂದ ಸುದ್ದಿ! ಜೂಜುವಾಡಿ ಚೆಕ್‌ಪೋಸ್ಟಿನಲ್ಲಿ ಕೆಂಪು ಉರುಳೆ ಬಿದ್ದಿದೆ! ಲಾರಿಗಳು ಅತ್ತಿಬೆಲೆಯವರೆಗೆ ಸಾಲಾಗಿ ನಿಂತಿವೆ!’ ಪೆಂಡಾಲಿನಿಂದ ಯಾರೋ ಅಂದರು: ‘ಲಾರಿ ದಿನಾ ನಿಲ್ತವೆ ಕಣ್ಲಾ, ಅದ್ರಾಗೆ ಹೊಸಾದೇನು?’ ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ರೋಷ ಬಂತು. ‘ಅಂಗಾರಕ ಹೊಸೂರು ದಾಟಿದ! ನಮ್ಮ ಕಣಕ್ಕೆ ಬರುತ್ತಿದ್ದಾನೆ!’ ಎಂದು ಮೂರು ಭಾಷೆಯಲ್ಲೂ ಕಿರುಚಿದೆ. ತಮಿಳಿನಲ್ಲಿ ‘ಸೆವ್ವಾಯ್’ ಅಂದೆ. ಅದು ಅಂಗಾರಕನ ಹೆಸರೂ ಹೌದು, ಅವನ ವಾರದ ಹೆಸರೂ ಹೌದು. ಪೂರ್ವಕ್ಕೆ ಚಂದ್ರನ ಪಕ್ಕದಲ್ಲಿ ಅವನು ಕೆಂಡದ ಹಾಗೆ ಎದ್ದಿದ್ದ. ಜನ ತಿರುಗಿ ನೋಡಿದರು. ನಗು ನಿಂತಿತು.

ನಾನು ಕಾಲರ್ ಮೈಕು ಸಿಕ್ಕಿಸಿಕೊಂಡು, ತಲೆಗೆ ಪಾತ್ರೆ ಕವುಚಿಕೊಂಡು ಮುಕ್ಕಾಲಿ ಹತ್ತಿ ನಿಂತೆ. ಈಗ ಓಡುತ್ತಾರೆ ಎಂದು ಕಾದೆ. ಹೆಂಗಸರ ಸಾಲಿನಿಂದ ಕೆಲವರು ಎದ್ದು ಬಿರಬಿರನೆ ಹೋದರು. ಹೆದರಿದರು ಎಂದು ಹಿಗ್ಗಿದೆ.

ಹೋದವರು ಮನೆಗೆ ಹೋಗಿ ತಿರುಗಿ ಬಂದರು ಅಮ್ಮಣ್ಣಿ. ಎಲ್ಲರ ಕೈಯಲ್ಲೂ ಒಂದೊಂದು ಗಂಟು. ಕೆಂಪು ಬಟ್ಟೆಯಲ್ಲಿ ತೊಗರಿಬೇಳೆ. ಅಂಗಾರಕನಿಗೆ ಒಪ್ಪಿಸುವುದು ಅದೇ ತಾನೇ? ಗಂಡಸರು ತಮಾಷೆಯೆಂದುಕೊಂಡರು. ನನಗೂ ಹಾಗೇ ಅನ್ನಿಸಿತು, ಎಲ್ಲರಿಗಿಂತ ಮುಂದೆ ಬಂದವಳನ್ನು ನೋಡುವವರೆಗೆ.

ಅಕ್ಕ. ನಿಮ್ಮಮ್ಮ ರಾಮಲಕ್ಷ್ಮಮ್ಮ.

ಮುಕ್ಕಾಲಿಯ ಬುಡದಲ್ಲಿ ಗಂಟಿಟ್ಟು, ಸೆರಗು ಒಡ್ಡಿ ನಿಂತಳು. ನಾನು ಬಗ್ಗಿದೆ. ಕಾಲರ್ ಮೈಕು ಅವಳ ಬಾಯಿಯ ಹತ್ತಿರ ಬಂತು.

‘ಅಂಗಾರಕಪ್ಪಾ, ನನ್ ಮಗ್ಳು ಸುಷ್ಮನ್ ಜಾತಕದಾಗೆ ನೀನ್ ಕುಂತಿದ್ದೀಯ ಅಂತಾರೆ. ನಿಜವಾ? ಈ ಜನದ್ ಮುಂದೆ ಬಾಯ್ಬಿಟ್ ಹೇಳು’ ಅಂದಳು.

ಅಮ್ಮಣ್ಣಿ, ನಲವತ್ತು ವರ್ಷದಿಂದ ಬಣ್ಣ ಹಚ್ಚುತ್ತಿದ್ದೇನೆ. ಮಾತು ಮರೆತದ್ದು ಅವತ್ತೊಂದೇ ದಿನ. ಎರಡು ಪುಟದ ಡೈಲಾಗು ಹೊಟ್ಟೆಯೊಳಗೇ ಉಳಿಯಿತು. ಪಾತ್ರೆಯೊಳಗೆ ನನ್ನ ಉಸಿರೇ ನನಗೆ ಕೇಳುತ್ತಿತ್ತು. ಪಕ್ಕದಲ್ಲಿ ಭೂದೇವಿ ಮೀಸೆ ಕಚ್ಚಿಕೊಂಡು ನಿಂತಿದ್ದ. ಕೊನೆಗೆ ಯಾರ ದನಿಯೋ ಬಂತು, ನನ್ನದೇ ಇರಬೇಕು:

‘ಇಲ್ಲ ತಾಯಿ. ನಿನ್ ಮಗ್ಳ ತಂಟೆಗೆ ನಾನ್ ಹೋಗಿಲ್ಲ. ಹೋಗೋದೂ ಇಲ್ಲ.’

ಅಕ್ಕ ಕೈಮುಗಿದು ಪಕ್ಕಕ್ಕೆ ಸರಿದಳು. ಅವಳ ಹಿಂದೆ ಯಾರು ಗೊತ್ತೇ? ಹನುಮಕ್ಕ! ನಿನಗೆ ದೋಷವಿದೆ ಎಂದು ಊರ ನಲ್ಲಿಯ ಹತ್ತಿರ ಹೋದವರಿಗೆ ಬಂದವರಿಗೆ ಹೇಳಿದವಳು. ‘ನಮ್ ಮಗ್ಳು ಉಷಾರಾಣೀಗೂ ಐತೆ ಸ್ವಾಮಿ, ಯಾರ್ಗೂ ಹೇಳಿಲ್ಲ’ ಅಂದಳು. ಪಿಸುಮಾತಿನಲ್ಲೇ ಅಂದಳು, ಪಾಪ. ನಾಲ್ಕು ಹಾರ್ನುಗಳೂ ಅದನ್ನು ಹೊಳೆಯಾಚೆಗೆ ಕೇಳಿಸಿದವು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು. ಮಗಳ ಹೆಸರು, ತಪ್ಪಿಹೋದ ಗಂಡು, ಮುಚ್ಚಿಟ್ಟ ಜಾತಕ, ಎಲ್ಲ ಮೈಕಿನಲ್ಲಿ. ನಾನು ಎಲ್ಲರಿಗೂ ‘ಇಲ್ಲ ತಾಯಿ’ ಅನ್ನುತ್ತಲೇ ಇದ್ದೆ. ನಾಟಕ ಅಲ್ಲಿಗೇ ಮುಗಿಯಿತು. ಮರಿಸ್ವಾಮಿ ‘ಉಂಡ್ಯೇನಪ್ಪ’ ಅನ್ನಲೇ ಇಲ್ಲ.

ಓಡಿಸಲು ಹೋದವನು ನಾನು, ಯಾರೂ ಓಡಲಿಲ್ಲ. ಇಷ್ಟು ಜನ ಇಷ್ಟು ವರ್ಷ ಹೀಗೆ ಹೆದರಿಕೊಂಡೇ ಇದ್ದರು ಎಂಬುದು, ಅದೇ ಬೀದಿಯಲ್ಲಿ ಹುಟ್ಟಿದ ನನಗೆ ಗೊತ್ತೇ ಇರಲಿಲ್ಲ.

ಅಕ್ಕ ನಿಜವಾಗಿ ನಂಬಿಬಿಟ್ಟಿದ್ದಾಳೆ. ನಾನೇ ಎಂದು ಹೇಳುವ ಧೈರ್ಯ ನನಗಿಲ್ಲ. ಏನು ಮಾಡಲಿ ಬರೆ.

ಮುನಿಯಲ್ಲಪ್ಪ


ಮೈಸೂರು
17-9-2003

ಮಾವ,

ಮೈಕಿನಲ್ಲಿ! ನನ್ನ ಹೆಸರು, ನನ್ನ ಜಾತಕ, ನಾಲ್ಕು ಹಾರ್ನಿನಲ್ಲಿ!

ನಿನ್ನ ಕಾಗದವನ್ನು ನಾನು ಯಾರಿಗೂ ಓದಿ ಹೇಳಲಿಲ್ಲ. ಉಷಾರಾಣಿ ಈಗ ಬೀದಿಯಲ್ಲಿ ಹೇಗೆ ತಲೆ ಎತ್ತುತ್ತಾಳೆ, ಯೋಚಿಸಿದೆಯಾ? ದೋಷ ಎಂಬುದೇ ಇಲ್ಲ ಎಂದು ಅಮ್ಮನಿಗೆ ಹೇಳಿ ಹೇಳಿ ನಾನು ಮನೆ ಬಿಟ್ಟು ಬಂದೆ. ನೀನು ಪಾತ್ರೆ ಕವುಚಿಕೊಂಡು ನಿಂತು, ದೋಷ ಎಂಬುದು ಇದೆ, ಇಲ್ಲ ಎನ್ನಬೇಕಾದವನು ಅಂಗಾರಕನೇ ಎಂದು ನಂಬಿಸಿಬಿಟ್ಟೆ. ನಾಳೆ ಇನ್ನೊಬ್ಬ ಬೇರೆ ವೇಷದಲ್ಲಿ ಬಂದು ‘ಮತ್ತೆ ಬಂದಿದ್ದೇನೆ’ ಎಂದರೆ?

ಅಮ್ಮನಿಗೆ ನಿಜ ಹೇಳು. ನೀನು ಹೇಳುವವರೆಗೆ ನನಗೆ ಬರೆಯಬೇಡ.

ಸುಷ್ಮಾ


ತೊರಪಲ್ಲಿ ಅಗ್ರಹಾರ
5-10-2003

ಅಮ್ಮಣ್ಣಿ ಸುಷ್ಮಾಗೆ,

ಈ ಕಾಗದದಲ್ಲಿ ಕೈ ನನ್ನದು, ಮಾತು ನಿಮ್ಮಮ್ಮನದು. ಎದುರಿಗೇ ಕೂತು ರಾಗಿ ಆರಿಸುತ್ತಿದ್ದಾಳೆ. ಒಂದು ಅಕ್ಷರ ಬಿಟ್ಟರೂ ಮೊರದಿಂದ ಹೊಡೆಯುತ್ತೇನೆ ಎಂದಿದ್ದಾಳೆ.

ಮೊದಲು ನನ್ನ ಪಾಡು ಹೇಳಿಬಿಡುತ್ತೇನೆ. ನೀನು ಬೈದ ಮೇಲೆ ಬಹಳ ದಿನ ಒದ್ದಾಡಿದೆ. ನಿನ್ನೆ ಕೊಟ್ಟಿಗೆಯಲ್ಲಿ ಧೈರ್ಯ ಮಾಡಿ, ‘ಅಕ್ಕಾ, ಅವತ್ತು ಪಾತ್ರೆ ಒಳಗೆ ಇದ್ದೋನು ನಾನು’ ಅಂದೆ.

ಅವಳು ಹಾಲು ಕರೆಯುವುದನ್ನು ನಿಲ್ಲಿಸಲೂ ಇಲ್ಲ. ‘ಇನ್ಯಾರ್ಲಾ ಇರ್ತಾರೆ?’ ಅಂದಳು.

ಚೆಂಬನ್ನು ಇತ್ತ ಸರಿಸಿಕೊಂಡು ಅವಳೇ ಮುಂದುವರಿಸಿದಳು:

‘ಆ ಮುಕ್ಕಾಲಿ ಅಪ್ಪಂದು. ಅಪ್ಪ ತೂರೋವಾಗ ಅದು ಅಲ್ಲಾಡ್ದಂಗೆ ಕಾಲು ಹಿಡ್ಕಂಡ್ ನಿಲ್ತಿದ್ದೋಳು ನಾನು. ಸೀಳ್ ಬಿಟ್ಟಿದ್ ಕಾಲ್ಗೆ ತಂತಿ ಸುತ್ತಿದ್ದೂ ನಾನೇ. ಕೆಂಪ್ ಬಟ್ಟೆ ಕೆಳಗೆ ಆ ತಂತಿ ಕಾಣ್ತಿತ್ತು. ಅಂಗಾರಕ ಏನು ನಮ್ಮಟ್ಟ ಹತ್ತಿ ಮುಕ್ಕಾಲಿ ಇಳಿಸ್ಕಂಡ್ ಬತ್ತಾನಾ?’

‘ಮತ್ತೆ ನನ್ ಮುಂದೆ ಸೆರಗೊಡ್ಡಿದ್ಯಲ್ಲಕ್ಕ!’

ಇನ್ನು ಮುಂದೆ ಅವಳು ನಿನಗೆ ಹೇಳುವುದು. ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

‘ಸುಷ್ಮಾ, ನಿಮ್ಮಾವಂಗೆ ಬೈಬ್ಯಾಡ. ಅವನ ಬಾಯಿಂದ ಅದನ್ನ ಆಡ್ಸಿದ್ದು ನಾನು. ಎಷ್ಟೋ ವರ್ಷ ನವಗ್ರಹದ್ ಕಲ್ ಸುತ್ತಿದ್ದೀನಿ. ಕಲ್ಲು ಐತೆ ಅನ್ಲಿಲ್ಲ, ಇಲ್ಲ ಅನ್ಲಿಲ್ಲ. ಇವನು ಹಾರ್ನು ಕಟ್ಟಿ ಅಂಗಾರಕ ಬಂದ ಅಂತ ಕೂಗ್ದಾಗ, ಇವತ್ತು ಊರಿನ್ ಕಿವಿ ಎಲ್ಲ ಒಂದೇ ಕಡೆ ಐತೆ, ಇವತ್ತೇ ಕೇಳ್ಬೇಕು ಅನ್ನಿಸ್ತು. ನನ್ ತಮ್ಮ ನನ್ ಮಗಳ ಮೇಲೆ ಇಲ್ಲದ್ದು ಹೇಳ್ತಾನಾ? ಇಲ್ಲ ಅಂತ್ಲೇ ಅಂತಾನೆ, ಗೊತ್ತಿತ್ತು. ಬ್ಯಾರೇವ್ರೂ ಗಂಟು ತರ್ತಾರೆ ಅಂತ ಮಾತ್ರ ಗೊತ್ತಿರ್ಲಿಲ್ಲ. ತಿರುಗಿ ನೋಡ್ದಾಗ ಹನುಮಕ್ಕ ನಿಂತಿದ್ಲು. ನಾನೇ ಪಕ್ಕಕ್ ಸರ್ದು ಜಾಗ ಬಿಟ್ಟೆ.’

(ಇಲ್ಲಿ ಎದ್ದು ಮೊರದ ಕಲ್ಲನ್ನು ಅಂಗಳಕ್ಕೆ ಎಸೆದು ಬಂದಳು. ನಾನು ಪೆನ್ನು ಎತ್ತಿಕೊಂಡು ಕಾದೆ.)

‘ಉಷಾರಾಣಿ ತಲೆ ಹೆಂಗೆ ಎತ್ತುತ್ತಾಳೆ ಅಂತ ಕೇಳಿದ್ಯಂತೆ. ಮಾರ್ನೇ ದಿನ ನಲ್ಲಿ ತಾವ ಅವಳೇ ಮೊದ್ಲು ನಕ್ಕಿದ್ದು. “ದೊಡ್ಡಮ್ಮ, ಊರಲ್ಲಿ ದೋಷ ಇಲ್ದಿರೋ ಮನೆ ಯಾವ್ದಾದ್ರೂ ಉಳೀತಾ?” ಅಂದ್ಲು. ಈಗ ಯಾರು ಯಾರನ್ನ ಆಡ್ಕೊಳ್ಳೋದು? ನಲ್ಲಿ ತಾವ ಇನ್ನ ನೀರಿಂದೇ ಮಾತು.

ನಿನ್ನ ಮದ್ವೆ ಆಗು ಅಂತ ಕರೀತಿಲ್ಲ. ಆದ್ರೆ ಆಗು, ಬಿಟ್ರೆ ಬಿಡು. ಬಸ್ಸಿಳಿದು ಮನೇವರ್ಗೂ ನೀನು ನಡ್ಕಂಡ್ ಬರೋವಾಗ ಯಾರೂ ಕಿಟಕೀಲಿ ಗುಸುಗುಸು ಅನ್ಬಾರ್ದು, ಅಷ್ಟಕ್ಕೇ ನಾನು ಸೆರಗೊಡ್ಡಿದ್ದು. ವಸ್ಲು ತುಳೀಬ್ಯಾಡ ಅಂದೋಳೂ ನಾನೇ. ಆ ಬಾಳೆಗಿಡ ಕಡೀಲಿಲ್ಲ. ಗೊನೆ ಬಿಡ್ತು, ಅದ್ರ ಮರೀನೂ ಗೊನೆ ಬಿಡ್ತು.’

ಇಷ್ಟು ಹೇಳಿ ರಾಗಿ ಮೊರ ಎತ್ತಿಕೊಂಡು ಒಳಗೆ ಹೋದಳು.

ಅಮ್ಮಣ್ಣಿ, ನನ್ನ ಸೋಲು ಒಪ್ಪಿಕೊಂಡಿದ್ದೇನೆ. ನಿನ್ನ ಕಥೆಯನ್ನು ಇಂಗ್ಲಿಷಿನವನು ಬರೆದ, ರೇಡಿಯೊದವರು ಓದಿದರು, ಸಿನಿಮಾದವರು ತೆಗೆದರು, ನಾನು ಆಡಿದೆ. ನಮ್ಮೆಲ್ಲರಿಗಿಂತ ಚೆನ್ನಾಗಿ ಕಟ್ಟಿದವಳು ಹೆಬ್ಬೆಟ್ಟು ಒತ್ತುವ ನಿಮ್ಮಮ್ಮ. ನಿನ್ನ ಮೇಡಂಗೆ ಹೇಳು. ನನ್ನ ಹೆಸರಿನ ಕೆಳಗೆ ಅವಳ ಹೆಸರು ಹಾಕು. ಸರಿ, ಮೇಲೆಯೇ ಹಾಕು.

ಅಂದಹಾಗೆ, ಹೆಂಗಸರು ಬಿಟ್ಟುಹೋದ ತೊಗರಿಬೇಳೆ ಒಂದು ಗುಡಾಣ ತುಂಬಾ ಇದೆ. ಅಂಗಾರಕನಿಗೆ ಕೊಟ್ಟದ್ದನ್ನು ಮನೆಯಲ್ಲಿ ಬೇಯಿಸಬಹುದೇ ಬಾರದೇ ಎಂದು ಅಕ್ಕನಿಗೂ ನನಗೂ ದಿನಾ ಜಗಳ.

ಇಂತಿ,
ಏಳು ಹಳ್ಳಿಗೆ ಎರಡನೇ ರಾಜಪಾರ್ಟು,
ನಿನ್ನ ಮಾವ ಮುನಿಯಲ್ಲಪ್ಪ


ಮೈಸೂರು
12-10-2003

ಅಮ್ಮಾ,

ಮಾವನ ಕೈಯಲ್ಲಿ ಓದಿಸಿಕೊ. ಇದು ನಿನಗೇ ಬರೆದದ್ದು.

ನಿನ್ನ ಮಾತು ಓದಿದಾಗ ಲೈಬ್ರರಿಯಲ್ಲಿದ್ದೆ. ಪಕ್ಕದವಳು ‘ಏನಾಯಿತು, ಯಾರಾದರೂ ಹೋದರಾ?’ ಎಂದು ಕೇಳಿದಳು. ‘ಇಲ್ಲ, ನನ್ನನ್ನು ಕರೆದರು’ ಎಂದೆ.

ದೀಪಾವಳಿಗೆ ಮೂರು ದಿನ ಮುಂಚೆಯೇ ಬರುತ್ತೇನೆ, ಇಪ್ಪತ್ತೊಂದನೇ ತಾರೀಕು. ಮಂಗಳವಾರ. ಮಂಗಳವಾರ ಹೊರಡಬಾರದು ಎನ್ನುತ್ತೀಯ, ಗೊತ್ತು. ಅದೇ ದಿನ ಹೊರಡುತ್ತೇನೆ. ಬಸ್ಸಿಳಿದು ನಡೆದೇ ಬರುತ್ತೇನೆ, ಮಾವ ಸೈಕಲ್ ತರುವುದು ಬೇಡ.

ಆ ಬೇಳೆಯನ್ನು ಯಾರಿಗೂ ಕೊಡಬೇಡ. ಸಾರು ಮಾಡಿಟ್ಟಿರು. ಮಧ್ಯಾಹ್ನ ನಾನು ಉಂಡಿರುವುದಿಲ್ಲ.

ನಿನ್ನ ಮಗಳು
ಸುಷ್ಮಾ